ಕಬ್ಬು ಮುಧೋಳದ್ದು, ಬಾಗಿಲು ದಿಲ್ಲಿಯದ್ದು

ಮುಧೋಳ ಅಂದರೆ ಬೆಂಗಳೂರಿನ ಗೆಳೆಯರಿಗೆ ನಾಯಿ ನೆನಪಾಗುತ್ತೆ, ರಬಕವಿ-ಬನಹಟ್ಟಿ ಅಂದರೆ ಸೀರೆ. ಆದರೆ ನವೆಂಬರ್ ಕಳೆದ ಮೇಲೆ ಬೀಳಗಿಯಿಂದ ಜಮಖಂಡಿವರೆಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ. ದಾರಿಯುದ್ದಕ್ಕೂ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು. ಬಾದಗಂಡಿ, ಸಮೀರವಾಡಿ, ಹಿರೇಪಡಸಲಗಿ, ಎಲ್ಲಿ ಹೋದರೂ ಒಂದು ಸಕ್ಕರೆ ಫ್ಯಾಕ್ಟರಿ. ಈ ಕಬ್ಬಿನ ರೇಟು ಯಾರ ಕೈಯಲ್ಲಿದೆ ಅಂತ ಹುಡುಕುತ್ತಾ ಹೋದರೆ ನಾವು ಮುಟ್ಟೋದು ದಿಲ್ಲಿ, ಜಕಾರ್ತಾ, ಜಿನೀವಾ.

ಭಾರತದ ಸಕ್ಕರೆ ಉದ್ಯಮ ಬೆಳೆದದ್ದೇ ವ್ಯಾಪಾರ ನೀತಿಯಿಂದ. 1930ರ ಸುಮಾರಿಗೆ ನಾವು ತಿನ್ನುತ್ತಿದ್ದ ಬಿಳಿ ಸಕ್ಕರೆಯ ಬಹುಪಾಲು ಜಾವಾದಿಂದ ಬರುತ್ತಿತ್ತು. 1932ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆ ತಂದು ಆಮದಿನ ಮೇಲೆ ಭಾರೀ ಸುಂಕ ಹಾಕಿತು. ಮೂವತ್ತರ ಆಸುಪಾಸಿನಲ್ಲಿದ್ದ ಫ್ಯಾಕ್ಟರಿಗಳು ಐದಾರು ವರ್ಷದಲ್ಲಿ 130 ದಾಟಿದವು. ಆಗ ಮುಧೋಳ, ಜಮಖಂಡಿ ಎರಡೂ ಸಂಸ್ಥಾನಗಳು, ಹೊಲದಲ್ಲಿ ಜೋಳ, ಹತ್ತಿ. ನಮ್ಮ ಕಡೆಗೆ ಕಬ್ಬು ಈ ಪ್ರಮಾಣದಲ್ಲಿ ಬಂದದ್ದು ನೀರಾವರಿ ಬಂದ ಮೇಲೆ. 1998ರಲ್ಲಿ ಲೈಸೆನ್ಸ್ ಪದ್ಧತಿ ಹೋದ ಮೇಲಂತೂ ಖಾಸಗಿ ಫ್ಯಾಕ್ಟರಿಗಳ ಸಾಲೇ ಎದ್ದಿತು.

ಫ್ಯಾಕ್ಟರಿ ಹೆಚ್ಚಾದವು, ಸಕ್ಕರೆಯೂ ಹೆಚ್ಚಾಯಿತು. 2018ರ ಹೊತ್ತಿಗೆ ದೇಶದ ಗೋದಾಮುಗಳು ತುಂಬಿ, ರೈತರ ಬಿಲ್ಲು ಬಾಕಿ ಬಿತ್ತು. ಸರ್ಕಾರ ರಫ್ತಿಗೆ ದುಡ್ಡು ಕೊಡಲು ಮುಂದಾಯಿತು. 2019-20ರಲ್ಲಿ ಟನ್ ಸಕ್ಕರೆಗೆ 10,448 ರೂಪಾಯಿ. ಇಲ್ಲಿ ಇನ್ನೊಂದು ತೊಡಕು. ನಮ್ಮ ಫ್ಯಾಕ್ಟರಿಗಳು ಮಾಡೋದು ಬಿಳಿ ಸಕ್ಕರೆ. ವಿದೇಶದ ದೊಡ್ಡ ರಿಫೈನರಿಗಳು ಕೇಳೋದು ಕಂದು ಬಣ್ಣದ ಕಚ್ಚಾ ಸಕ್ಕರೆ. ಸಕ್ಕರೆಯ ಬಣ್ಣ ಅಳೆಯುವ ಮಾಪನಕ್ಕೆ ಇಕುಮ್ಸಾ ಅಂತಾರೆ. ಇಂಡೋನೇಷ್ಯಾ 1,200ಕ್ಕಿಂತ ಕಡಿಮೆ ಇಕುಮ್ಸಾದ ಕಚ್ಚಾ ಸಕ್ಕರೆ ಒಳಗೆ ಬಿಡುತ್ತಿರಲಿಲ್ಲ. ನಮ್ಮದು ಅದಕ್ಕಿಂತ ತಿಳಿ. ಕೊನೆಗೆ ಆ ಮಿತಿ 600ಕ್ಕೆ ಇಳಿಯಿತು. ಬದಲಿಗೆ ಅವರು ಕೇಳಿದ್ದು ತಾಳೆ ಎಣ್ಣೆಯ ಮೇಲಿನ ನಮ್ಮ ಸುಂಕ ಇಳಿಸಿ ಅಂತ. ನಮ್ಮ ಕಬ್ಬಿಗೆ ದಾರಿ ಬಿಡಿಸಿದ್ದು ಎಣ್ಣೆ!

ರಫ್ತು 2017-18ರ 6.2 ಲಕ್ಷ ಟನ್ನಿನಿಂದ 2021-22ರಲ್ಲಿ ಸುಮಾರು 110 ಲಕ್ಷ ಟನ್ನಿಗೆ ಏರಿತು. ಆ ಕೊನೆಯ ವರ್ಷ ಸಬ್ಸಿಡಿಯೇ ಇರಲಿಲ್ಲ. ಅಷ್ಟರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ನಮ್ಮ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿದ್ದವು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳುವ ಪೀಠ 2019ರಿಂದಲೇ ಕೆಲಸ ಮಾಡುತ್ತಿಲ್ಲ.

ನಮ್ಮ ರಫ್ತಿಗೆ ಬಾಗಿಲು ಹಾಕಿದ್ದು ಜಿನೀವಾ ಅಲ್ಲ, ದಿಲ್ಲಿಯೇ. 2022ರ ಮೇ 24ರ ಆದೇಶದ ಪ್ರಕಾರ ಜೂನ್ 1ರಿಂದ ರಫ್ತಿಗೆ ಅನುಮತಿ ಬೇಕಾಯಿತು. ಮುಂದಿನ ಹಂಗಾಮಿಗೆ ಕೋಟಾ ಸುಮಾರು 60 ಲಕ್ಷ ಟನ್, ಅದರ ಮುಂದಿನದಕ್ಕೆ ಹೆಚ್ಚುಕಮ್ಮಿ ಸೊನ್ನೆ. 2023ರ ನವೆಂಬರ್‌ನಲ್ಲಿ ಜಗತ್ತಿನ ಕಚ್ಚಾ ಸಕ್ಕರೆ ಬೆಲೆ ಹನ್ನೆರಡು ವರ್ಷದಲ್ಲೇ ಅತಿ ಹೆಚ್ಚಾಗಿತ್ತು. ಆಗ ನಾವು ಮಾರುವಂತಿರಲಿಲ್ಲ. ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡೋದಕ್ಕೂ ತಡೆ ಬಿತ್ತು, ಆಮೇಲೆ ಸ್ವಲ್ಪ ಸಡಿಲವಾಯಿತು. ಮಳೆ ಕೈಕೊಟ್ಟಿತ್ತು, ಚುನಾವಣೆ ಹತ್ತಿರವಿತ್ತು. ಸರ್ಕಾರಕ್ಕೆ ಅದರದ್ದೇ ಕಾರಣವಿತ್ತು ಅನ್ನಿ.

ಈ ಅಗ್ಗದ ಸಕ್ಕರೆ ಯಾರಿಗೆ? ‘ಗ್ರಾಹಕರಿಗೆ’ ಅಂದ ಕೂಡಲೇ ನಮಗೆ ಮನೆಯ ಸಕ್ಕರೆ ಡಬ್ಬಿ ಕಣ್ಣಿಗೆ ಬರುತ್ತೆ. ಆದರೆ ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗೋದು ತಂಪುಪಾನೀಯ, ಬಿಸ್ಕತ್ತು, ಐಸ್‌ಕ್ರೀಂ, ಮಿಠಾಯಿ ತಯಾರಕರಿಗೆ. ಅವರಲ್ಲಿ ಬಹುರಾಷ್ಟ್ರೀಯ ಕಂಪನಿಗಳೂ ಇವೆ. ಕಬ್ಬು ಬೆಳೆದ ರೀತಿ ಸರಿಯಿದೆಯೇ ಅಂತ ಪ್ರಮಾಣಪತ್ರ ಕೊಡುವ ಬಾನ್‌ಸುಕ್ರೋ ಸಂಸ್ಥೆಯ ಸದಸ್ಯರಲ್ಲಿ ಕೋಕಾ-ಕೋಲಾ, ಪೆಪ್ಸಿಕೋ ಎರಡೂ ಇವೆ. ನೀರು, ಗೊಬ್ಬರ, ಕೂಲಿ ಎಲ್ಲದಕ್ಕೂ ಅಲ್ಲಿ ಮಾನದಂಡ ಉಂಟು. ರಫ್ತು ನಿಂತಾಗ ಬೆಳೆಗಾರನಿಗೆ ತಪ್ಪಿದ ಬೆಲೆಯನ್ನು ಮಾತ್ರ ಯಾವ ಪ್ರಮಾಣಪತ್ರವೂ ತುಂಬಿಕೊಡೋದಿಲ್ಲ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ, ನಮ್ಮ ಮುಧೋಳದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಕೂತರು. ರಾಜ್ಯ ಸರ್ಕಾರ 3,300ಕ್ಕೆ ಸಂಧಾನ ಮಾಡಿತು. ಜೊತೆಗೆ ರಫ್ತು ಮಿತಿಯ ಕಡೆಗೂ, 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತ ಸಕ್ಕರೆಯ ಕನಿಷ್ಠ ಮಾರಾಟ ದರದ ಕಡೆಗೂ ಬೊಟ್ಟು ಮಾಡಿತು. ಫ್ಯಾಕ್ಟರಿಗಳು ಹೇಳೋದೂ ಅದನ್ನೇ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಎಲ್ಲರೂ ಬೊಟ್ಟು ಮಾಡುವ ಹೊತ್ತಿಗೆ ಹೊಲದಲ್ಲಿ ಕಬ್ಬು ಒಣಗುತ್ತಿರುತ್ತೆ.

ನನಗೆ ಕಾಣೋದು ಇಷ್ಟೇ. ಕಬ್ಬು ನೆಟ್ಟು ಕಡಿಯೋದಕ್ಕೆ ಕನಿಷ್ಠ ಹತ್ತು-ಹನ್ನೆರಡು ತಿಂಗಳು, ಆದೇಶ ಬದಲಾಗೋದಕ್ಕೆ ಒಂದು ಸಂಜೆ. ಬಾಗಿಲು ಮುಚ್ಚಲೇಬೇಕಿದ್ದರೆ ನಾಟಿಗೆ ಮೊದಲು ಹೇಳಿ, ಇಲ್ಲವೇ ಮುಚ್ಚಿದ್ದರ ನಷ್ಟದಲ್ಲಿ ಪಾಲು ಕೊಡಿ. ಜಾವಾ ಸಕ್ಕರೆಯಿಂದ ಫ್ಯಾಕ್ಟರಿಗಳನ್ನು ಕಾಯೋದಕ್ಕೆ 1932ರಲ್ಲೇ ಒಂದು ಕಾಯ್ದೆ ಬಂತು. ದಿಢೀರ್ ಆದೇಶಗಳಿಂದ ಬೆಳೆಗಾರನನ್ನು ಕಾಯುವ ಕಾಯ್ದೆ ಇನ್ನೂ ಬರಬೇಕು.