ಮಾರ್ಗನುಕೊಡಾನ್

ಮಾರ್ಗನುಕೊಡಾನ್ ಸುಮಾರು 20.5 ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಅವಧಿಯ ಕೊನೆಯಲ್ಲಿ ಕಾಣಿಸಿಕೊಂಡ, ಮೂಗಿಲಿಯನ್ನು ಹೋಲುವ ಆದಿಮ ಸಸ್ತನಿ. ಕೀಟಗಳು ಇದರ ಮುಖ್ಯ ಆಹಾರ. ವೇಲ್ಸ್‌ನ ಗ್ಲಾಮಾರ್ಗನ್‌ನಲ್ಲಿ ದೊರೆತ ಪಳೆಯುಳಿಕೆಗೆ ವಾಲ್ಟರ್ ಕ್ಯೂನೆ 1949ರಲ್ಲಿ ಈ ಹೆಸರಿಟ್ಟರು. ಚೀನಾದ ಯುನ್ನಾನ್‌ನಲ್ಲಿಯೂ ಇದರ ತಲೆಬುರುಡೆಗಳು ದೊರೆತಿವೆ.

ಸರೀಸೃಪಗಳ ಮತ್ತು ಸಸ್ತನಿಗಳ ದವಡೆಕೀಲುಗಳು ಬೇರೆ ಬೇರೆ ಮೂಳೆಗಳಿಂದಾಗಿವೆ. ಮಾರ್ಗನುಕೊಡಾನ್‌ನಲ್ಲಿ ಇವೆರಡೂ ಅಕ್ಕಪಕ್ಕದಲ್ಲಿದ್ದವು. ಹಳೆಯ ಕೀಲಿನ ಎರಡು ಮೂಳೆಗಳು ಮುಂದಿನ ಸಸ್ತನಿಗಳಲ್ಲಿ ದವಡೆಯಿಂದ ಬೇರ್ಪಟ್ಟು, ಮಧ್ಯಕರ್ಣದ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳಾದವು.

ಹಲ್ಲುಗಳು ಒಮ್ಮೆ ಮಾತ್ರ ಬದಲಾಗುತ್ತಿದ್ದುದು ಮರಿಗಳು ಹಾಲುಂಡು ಬೆಳೆಯುತ್ತಿದ್ದುದನ್ನು ಸೂಚಿಸುತ್ತದೆ. ಆದರೆ ಹಲ್ಲಿನ ಬೇರುಗಳ ವಾರ್ಷಿಕ ಪದರಗಳನ್ನು ಎಣಿಸಿದ 2020ರ ಅಧ್ಯಯನದಂತೆ ಇದು 14 ವರ್ಷಗಳವರೆಗೂ ಬದುಕುತ್ತಿತ್ತು. ಇಂದಿನ ಮೂಗಿಲಿಗಳ ಆಯುಸ್ಸು ಒಂದೆರಡು ವರ್ಷ ಮಾತ್ರ. ಆದ್ದರಿಂದ ಇದರ ಚಯಾಪಚಯವು ಸರೀಸೃಪಗಳಂತೆ ನಿಧಾನವಾಗಿತ್ತೆಂದು ಆ ಅಧ್ಯಯನವು ತೀರ್ಮಾನಿಸಿತು. ಸಸ್ತನಿಗಳ ಲಕ್ಷಣಗಳೆಲ್ಲವೂ ಒಮ್ಮೆಗೇ ಮೂಡಲಿಲ್ಲ ಎಂಬುದಕ್ಕೆ ಇದು ನಿದರ್ಶನ.