ಅಂಜಿಕೆಗೆ ಗೆರೆ ಎಳೆದವರು

ಬ್ರಹ್ಮಾಂಡಭೀತಿಯ (ಕಾಸ್ಮಿಕ್ ಹಾರರ್) ಚಿತ್ರವೆಂದರೆ ಆಕ್ಟೋಪಸ್ಸಿನ ತೋಳು ಎಂಬ ನಂಬಿಕೆ ಈಗ ಚಿತ್ರ ಬರೆಯುವ ಹುಡುಗರಲ್ಲಿ ಬೇರೂರಿದೆ. ತೋಳು, ಕಣ್ಣು, ಹಲ್ಲು ಹೆಚ್ಚಿದಷ್ಟೂ ಅಂಜಿಕೆ ಹೆಚ್ಚು ಎಂಬುದು ಅವರ ಲೆಕ್ಕ. ಈ ಭೀತಿಯ ಕತೆಗಳಿಗೆ ಮೂಲಪುರುಷನೆನಿಸಿದ ಅಮೆರಿಕದ ಕತೆಗಾರ ಎಚ್.ಪಿ. ಲವ್‌ಕ್ರಾಫ್ಟ್ (1890–1937) ಇಂಥ ಲೆಕ್ಕ ಇಟ್ಟವನಲ್ಲ. 1928ರಲ್ಲಿ ಅಚ್ಚಾದ ‘ದಿ ಕಾಲ್ ಆಫ್ ಕ್ಥುಲು’ ಕತೆಯಲ್ಲಿ ಎದೆ ನಡುಗಿಸುವುದು ಕೋನಗಳೇ ಹೊಂದದ ಕಡಲೊಳಗಿನ ಊರು. ಅವನೇ 1934ರಲ್ಲಿ ಬರೆದ ಸ್ಕೆಚ್ಚಿನಲ್ಲೂ ಕ್ಥುಲು ಎಂಬ ಆ ದೈತ್ಯ, ಪೀಠದ ಮೇಲೆ ಸುಮ್ಮನೆ ಕುಕ್ಕರಿಸಿದೆ.

ಕಲಬುರಗಿ ಜಿಲ್ಲೆಯ ತೆಂಗಳಿ, ಸೇಡಂ, ಚಿತ್ತಾಪುರದ ಸೀಮೆಗೆ ಅಂಜಿಕೆಗೆ ಗೆರೆ ಎಳೆಯುವ ಈ ವಿದ್ಯೆ ಹೊರಗಿನದಲ್ಲ. ಮುಂದೆ ಕಾಗಿಣಾ ದಂಡೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ರಾಷ್ಟ್ರಕೂಟರ ದಂತಿದುರ್ಗನ ಶಾಸನ ಎಲ್ಲೋರದ 15ನೇ ಗುಹೆಯಲ್ಲಿದೆ. ಅದೇ ಗುಹೆಯ ಗೋಡೆಯಿಂದ ಭೈರವ ಮುನ್ನುಗ್ಗುತ್ತಾನೆ: ಬೆನ್ನ ಹಿಂದೆ ಆನೆಯ ತೊಗಲು, ಮೈಮೇಲೆ ರುಂಡಮಾಲೆ, ಕೆಳಗೆ ಎಲುಬಿನ ಗೂಡಾದ ಕಾಳಿ. ನೋಡುವವನನ್ನು ಕುಗ್ಗಿಸುವುದು ಆ ಆಕಾರದ ಓರೆ, ಅದರ ಅಳತೆ.

ಆಮೇಲೆ ಈ ಗೆರೆ ತೊಗಲುಗೊಂಬೆಯ ಹತ್ತು ತಲೆಯ ರಾವಣನಿಗೆ ಬಂತು. ಕರಾವಳಿಯ ಯಕ್ಷಗಾನದಲ್ಲಿ ಅಕ್ಕಿಹಿಟ್ಟು, ಸುಣ್ಣದ ಉಬ್ಬು ಚುಕ್ಕಿಗಳಾದ ಚಿಟ್ಟಿಯಾಗಿ ರಕ್ಕಸರ ಬಣ್ಣದ ವೇಷದ ಮುಖ ಏರಿತು.

ಅಚ್ಚಿನ ಕಾಲದಲ್ಲಿ ಈ ಕಲೆಯನ್ನು ಮನೆಮನೆಗೆ ಮುಟ್ಟಿಸಿದ್ದು ಮಕ್ಕಳ ಪತ್ರಿಕೆ ‘ಚಂದಮಾಮ’. ಕನ್ನಡದಲ್ಲಿ ಅದು 1949ರಲ್ಲಿ ಶುರುವಾಯಿತು. ಅದರ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಿಂದ ಅಂಚೆಯ ಮೂಲಕ ಪಾಠ ಕಳಿಸಿದರು. ಚಿತ್ರಶಾಲೆಯಿಲ್ಲದ ಊರಿನ ಹುಡುಗರಿಗೆ ಅಂಚೆಯಣ್ಣನೇ ಗುರುವಾದ. ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳಿಗೆ ‘ಚಿತ್ರಾ’ ಎಂಬ ಕಲಾವಿದರು ವಿಚಿತ್ರ ಪ್ರಾಣಿಗಳನ್ನೂ ಮಾಂತ್ರಿಕರನ್ನೂ ಕೊಟ್ಟರು. 1952ರಲ್ಲಿ ಸೇರಿದ ಕೆ.ಸಿ. ಶಿವಶಂಕರನ್, ಎಂದರೆ ಓದುಗರ ‘ಶಂಕರ್’, ಸುಮಾರು ಆರು ದಶಕ ಅಲ್ಲೇ ದುಡಿದರು. ಅವರ ವಿಕ್ರಮ–ಬೇತಾಳ ಚಿತ್ರ ಒಂದು ಪೂರ್ಣ ಪಾಠ. ಸ್ಮಶಾನ, ಬುರುಡೆ, ಹಾವು ಎಲ್ಲ ಇವೆ. ನಡುವೆ ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ಅವನ ನಡೆಯಲ್ಲಿ ಗಾಬರಿಯಿಲ್ಲ. ಅಂಜುವ ಕೆಲಸವನ್ನು ಅವರು ನೋಡುವವರಿಗೆ ಬಿಟ್ಟಿದ್ದಾರೆ. ಶಾಯಿಯ ಗೆರೆಯಲ್ಲಿ ಇದಕ್ಕಿಂತ ಗಟ್ಟಿಯಾದ ಕೆಲಸ ಈ ಪ್ರಕಾರದಲ್ಲಿ ಮತ್ತೆ ಬಂದಿಲ್ಲ.

ಬೆಳಕಿನ ಪಾಠ ಕೊಟ್ಟವರು ಕಲಬುರಗಿಯಲ್ಲೇ ಹುಟ್ಟಿದ ಎಸ್.ಎಂ. ಪಂಡಿತ (1916–1993). ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು, ಪುರಾಣಚಿತ್ರಗಳಿಂದ ಹೆಸರಾದ ಅವರು ಮೈಯ ಒಂದು ಮಗ್ಗುಲಿಗೆ ಬೆಳಕು ಬೀಳಿಸಿ, ಉಳಿದದ್ದನ್ನು ನೆರಳಿಗೆ ಒಪ್ಪಿಸುತ್ತಿದ್ದರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಅಲ್ಲಿ ನಾಟಕ ನೋಡಿ ಬರುವ ಹುಡುಗರ ಸ್ಕೆಚ್‌ಬುಕ್ಕಿಗೆ ಆ ನೆರಳೂ ಬರಬೇಕು.

ಈಗ ಟ್ಯಾಬ್ಲೆಟ್ಟಿನ ಮೇಲೆ ಬರೆಯುವವರ ಕೈ ಚುರುಕಾಗಿದೆ, ಬಣ್ಣ ಸೊಗಸಾಗಿದೆ. ಆದರೆ ದೈತ್ಯ ಹಾಳೆಯ ತುಂಬ ಒಂಟಿಯಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ಅದು ಎಷ್ಟು ದೊಡ್ಡದೆಂದು ಕಣ್ಣಿಗೆ ಹೇಳುವವರೇ ಇಲ್ಲ.

ಇನ್ನೂ ಕೈಹಾಕಬೇಕಾದ ವಸ್ತು ಕಾಲ ಕೆಳಗೇ ಇದೆ. ಶಹಾಬಾದ್, ವಾಡಿಯ ಖಣಿಗಳಲ್ಲಿ ಪದರು ಪದರಾಗಿ ಏಳುವ ಪರ್ಸಿ ಕಲ್ಲು ಐವತ್ತು ಕೋಟಿ ವರ್ಷಕ್ಕೂ ಹಳೆಯದು. ಮೀನು ಹುಟ್ಟುವುದಕ್ಕೂ ಮೊದಲಿನ ಕಡಲ ತಳ. ಅದೇ ಕಲ್ಲು ಹಾಸಿದ ಪಡಸಾಲೆಯಲ್ಲಿ ಮಕ್ಕಳು ಬಳಪ ಹಿಡಿದು ಗೆರೆ ಎಳೆಯುತ್ತವೆ. ಆ ಕಡಲನ್ನು ಬರೆಯಲು ಕೂತವರು ಹಾಳೆಯನ್ನು ಉದ್ದಕ್ಕೆ ಹಿಡಿದು, ಮೊದಲು ಮೇಲಂಚಿನಲ್ಲಿ ಸುತ್ತಿಗೆ ಹಿಡಿದ ಒಬ್ಬ ಕೂಲಿಕಾರನನ್ನು ಉಗುರಿನಷ್ಟು ಚಿಕ್ಕದಾಗಿ ನಿಲ್ಲಿಸಿಕೊಳ್ಳಲಿ. ಉಳಿದ ಹಾಳೆಯೆಲ್ಲ ಅವನ ಕಾಲ ಕೆಳಗಿನ ಪದರುಗಳಿಗೆ ಇರಲಿ.