ಗ್ರಂಥವಿದ್ದರೆ ಸಾಲದು, ಅರಸುವ ವಿದ್ಯೆಯೂ ಬೇಕು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ನಿರ್ಮಾಣ, ಧರ್ಮಗುರುಗಳ ಸೇವೆ, ಸಂಘಗಳ ಕಾರ್ಯಕಲಾಪ ಇವುಗಳ ವೃತ್ತಾಂತವನ್ನು ಇತರ ಲೇಖನಗಳು ನಿರೂಪಿಸುತ್ತವೆ. ನಾವು ಇಲ್ಲಿ ಬರೆಯಲಿಚ್ಛಿಸುವುದು ನಮ್ಮ ಮಕ್ಕಳ ವಿದ್ಯಾರ್ಜನೆಗೆ ಸಂಬಂಧಿಸಿದ, ಅಷ್ಟಾಗಿ ಯಾರ ಗಮನಕ್ಕೂ ಬಾರದ ಒಂದು ಚರಿತ್ರೆಯನ್ನು. ಕಾಲೇಜಿನ ಅಧ್ಯಾಪಕರೂ ಗ್ರಂಥಪಾಲರೂ ಬೇಕಾದ ಮಾಹಿತಿಯನ್ನು ಅರಸಿ, ಪರೀಕ್ಷಿಸಿ, ಇತರರಿಗೆ ಒದಗಿಸುವ ವಿದ್ಯೆಯನ್ನು ಕಲಿತು ಬಂದ ಚರಿತ್ರೆ ಅದು.

ನಮ್ಮ ಸೀಮೆಗೆ ಇದರಿಂದೇನು ಎಂದು ಕೇಳಬಹುದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ರೈಲುಮಾರ್ಗವೂ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯೂ ಬಂದವು. ತಂದೆಯ ತರುವಾಯ ಮಗನಿಗೂ ಗಣಿಯೇ ಅನ್ನ ಕೊಡುವುದೆಂಬ ನಂಬಿಕೆ ಅನೇಕ ಕುಟುಂಬಗಳಲ್ಲಿ ಬೇರೂರಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ವಿದ್ಯೆಯೇ ನಮ್ಮ ಮಕ್ಕಳ ಪಾಲಿನ ಆಸ್ತಿ. ಪ್ರತಿದಿನ ಮುಂಜಾನೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಓದುವ ಅನುಕೂಲ ಎಲ್ಲರಿಗೂ ಇಲ್ಲ. ಊರಿನ ಕಾಲೇಜನ್ನೇ ನಂಬಿದ ಬಡ ವಿದ್ಯಾರ್ಥಿಗೆ ಅಲ್ಲಿನ ಗುರುಗಳು ಎಷ್ಟನ್ನು ಅರಸಿ ತರಬಲ್ಲರೋ ಅಷ್ಟೇ ಲಭ್ಯ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ಶಾಸ್ತ್ರದ ರೂಪವನ್ನಿತ್ತವರು ಶಿಯಾಳಿ ರಾಮಾಮೃತ ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ, ಲಂಡನ್ನಿಗೆ ತೆರಳಿ ಆ ವೃತ್ತಿಯನ್ನು ಅಭ್ಯಸಿಸಿದರು. 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಓದುಗನ ವೇಳೆ ವ್ಯರ್ಥವಾಗಬಾರದೆಂಬುದೂ ಒಂದು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅಲ್ಲಿಯೇ ಸ್ಥಾಪಿಸಿದರು. 1972ರಲ್ಲಿ ಅವರು ನಿಧನರಾದರೂ ಆ ಕೇಂದ್ರದ ಕಾರ್ಯ ನಿಲ್ಲಲಿಲ್ಲ.

ಗ್ರಂಥಪಾಲರು ಕಲಿತರೆ ಮಾತ್ರ ಸಾಲದು, ಅಧ್ಯಾಪಕರೂ ಕಲಿಯಬೇಕಲ್ಲವೆ? 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಮರುವರ್ಷದಿಂದ ಅಧ್ಯಾಪಕರ ತರಬೇತಿಗೆಂದೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿಸಿತು. ಅಲ್ಲಿನ ಪಠ್ಯಕ್ರಮದ ನಾಲ್ಕು ಭಾಗಗಳಲ್ಲಿ ಜ್ಞಾನ ಸಂಪನ್ಮೂಲಗಳ ಪರಿಚಯಕ್ಕೂ ಸ್ಥಾನವಿತ್ತು. 1991ರಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸಲು ಇನ್‌ಫ್ಲಿಬ್‌ನೆಟ್ ಆರಂಭವಾಯಿತು. 2010ರಲ್ಲಿ ಎನ್-ಲಿಸ್ಟ್ ಯೋಜನೆಯ ಮೂಲಕ ಸಣ್ಣ ಊರಿನ ಕಾಲೇಜುಗಳಿಗೂ ವಿದ್ವತ್ ಪತ್ರಿಕೆಗಳ ಬಾಗಿಲು ತೆರೆಯಿತು. 2017ರಲ್ಲಿ ಕೋಲಾರದ ಬಳಿ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೇ ಬಂದಿತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಸಮ್ಮತಿಯಿತ್ತು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುವುದು ಅದರ ಉದ್ದೇಶ.

ಬಾಗಿಲು ತೆರೆದಿದೆ, ನಿಜ. ಆದರೆ ಒಳಹೊಕ್ಕು ಹುಡುಕಬಲ್ಲವರಿಲ್ಲದಿದ್ದರೆ ಏನು ಪ್ರಯೋಜನ? ನಮ್ಮ ನೆಲದ್ದೇ ಒಂದು ನಿದರ್ಶನ ಕೊಡುತ್ತೇವೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾಯುಮಂಡಲದಲ್ಲಿ ಜನಿಸುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಕುರುಹನ್ನು ವಿಜ್ಞಾನಿಗಳು ಕಂಡರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಇವುಗಳ ಆ ತಂಡದಲ್ಲಿ ಕನ್ನಡಿಗರಾದ ಬಿ. ವಿ. ಶ್ರೀಕಂಠನ್ ಇದ್ದರು. ಅದೇ ವರ್ಷ ಫಿಸಿಕ್ಸ್ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಶಿರೋನಾಮೆಯಲ್ಲಿ ಕೋಲಾರದ ಹೆಸರೇ ಇಲ್ಲ! ಊರ ಹೆಸರೊಂದನ್ನೇ ಹಿಡಿದು ಶಿರೋನಾಮೆಗಳಲ್ಲಿ ಹುಡುಕುವವರಿಗೆ ಅದು ದೊರೆಯದು. ವಿಷಯ, ಲೇಖಕರು, ವರ್ಷ ಇವುಗಳನ್ನು ಜೋಡಿಸಿ ಅರಸಬಲ್ಲ ಅಧ್ಯಾಪಕರಿಗೆ ಕ್ಷಣದಲ್ಲಿ ಸಿಕ್ಕೀತು. ಇತಿಹಾಸದ ವಿಷಯವೂ ಹೀಗೆಯೇ. ಬಂಗಾರಪೇಟೆಯ ಶಾಸನಗಳನ್ನು ಬಯಸುವವರು 1905ರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನಡಿ ನೋಡಬೇಕು. ದೊರೆತದ್ದು ವಿಶ್ವಾಸಾರ್ಹವೇ ಎಂದು ತೂಗಿ ನೋಡುವುದೂ, ಎಲ್ಲಿಂದ ಪಡೆದೆವೆಂದು ಪ್ರಾಮಾಣಿಕವಾಗಿ ತಿಳಿಸುವುದೂ ಇದೇ ವಿದ್ಯೆಯ ಅಂಗಗಳು.

ಹಿರಿಯ ವಿದ್ವಾಂಸರು ಮತ್ತೆ ಶಿಷ್ಯರಾಗುವುದರಲ್ಲಿ ಲಜ್ಜೆಯೇನೂ ಇಲ್ಲ. ಜಗದ್ಗುರು ಹನ್ನೊಂದನೆಯ ಪಯಸ್‌ರವರು ಸ್ವತಃ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿಯೂ ವ್ಯಾಟಿಕನ್ ಗ್ರಂಥಾಲಯದಲ್ಲಿಯೂ ಸೇವೆ ಸಲ್ಲಿಸಿದವರು. ಅವರ ಆಳ್ವಿಕೆಯಲ್ಲಿ, 1927ರಿಂದ, ಶತಮಾನಗಳಷ್ಟು ಹಳೆಯದಾದ ವ್ಯಾಟಿಕನ್ ಗ್ರಂಥಾಲಯದ ಸಿಬ್ಬಂದಿಯಲ್ಲಿ ಕೆಲವರು ನೂತನ ಸೂಚೀಪದ್ಧತಿಯನ್ನು ಕಲಿಯಲು ಅಮೆರಿಕಕ್ಕೆ ಹೋದರು. 1931ರಲ್ಲಿ ಅಲ್ಲಿಂದ ಪ್ರಕಟವಾದ ಸೂಚೀ ನಿಯಮಗಳು ಇತರ ದೇಶಗಳಿಗೂ ಮಾದರಿಯಾದವು.

ಪ್ರಿಯ ಬಾಂಧವರೇ, ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಕಟ್ಟಡವನ್ನೂ ಕಂಪ್ಯೂಟರುಗಳ ಸಂಖ್ಯೆಯನ್ನೂ ನಾವು ವಿಚಾರಿಸುತ್ತೇವೆ. ಅಲ್ಲಿ ಗ್ರಂಥಪಾಲರ ಹುದ್ದೆ ಭರ್ತಿಯಾಗಿದೆಯೇ, ಅಧ್ಯಾಪಕರಿಗೆ ಶೋಧನೆಯ ತರಬೇತಿ ದೊರೆತಿದೆಯೇ ಎಂದೂ ವಿಚಾರಿಸೋಣ. ನಮ್ಮಲ್ಲಿ ಅಧ್ಯಾಪಕ ವೃತ್ತಿಯಲ್ಲಿರುವವರು ತಾವು ಕಲಿತು, ಕಲಿತದ್ದನ್ನು ಕಿರಿಯರಿಗೆ ದಾಟಿಸಲಿ. ಕಲ್ಲಿನ ರಾಶಿಯಿಂದ ಚಿನ್ನವನ್ನು ಬೇರ್ಪಡಿಸಲು ಬಲ್ಲವರ ಮಕ್ಕಳಿಗೆ ಈ ವಿದ್ಯೆ ಅಸಾಧ್ಯವಲ್ಲವೆಂದು ನಾವು ದೃಢವಾಗಿ ನಂಬಿದ್ದೇವೆ.